ಸಿಗ್ನಲ್ ಕಂಬವೇರಿದ ರಾಣಿ ಜೇನಿಗೆ

ಮಾನ್ಯ ರಾಣಿಯವರೇ,

ಹುಟ್ಟಿದಾಗಿನಿಂದ ಯಾವ ಕಿರೀಟಕ್ಕೂ ಕೈಮುಗಿಯದ, ಹೊಲಿಗೆ ಕೆಲಸಗಾರರ ಸಂಘದ ಕಾರ್ಯದರ್ಶಿಯಾದ ನಾನು, ನಾಲ್ಕು ರಸ್ತೆ ಕೂಡುವಲ್ಲಿನ ಸಿಗ್ನಲ್ ಕಂಬಕ್ಕೆ ಏಣಿ ಒರಗಿಸಿ, ತಲೆಗೆ ಸೊಳ್ಳೆಪರದೆ ಸುತ್ತಿಕೊಂಡು, ಏಣಿಯ ಮೆಟ್ಟಿಲ ಮೇಲೆಯೇ ಕೂತು, ತಮ್ಮ ಆರೂ ಪಾದಗಳಿಗೆ ವಂದಿಸಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

ಹೋದ ವಾರ ತಮ್ಮನ್ನು ಪೆಟ್ಟಿಗೆ ಸಮೇತ ನಮ್ಮ ತಾರಸಿಗೆ ತಂದುಕೊಟ್ಟ ಜೇನು ಮೇಷ್ಟ್ರು, ಅದರ ಬಾಯಿಗೊಂದು ತಗಡಿನ ಜಾಲರಿ ಸಿಕ್ಕಿಸಿ, "ಇದು ರಾಣಿ ಗೇಟು ಕಣಮ್ಮ. ಕೆಲಸದ ನೊಣಗಳು ನುಸುಳ್ತವೆ, ರಾಣಿ ಮೈ ದಪ್ಪ, ಆಗಲ್ಲ. ಜಾಗ ಒಗ್ಗೋವರೆಗೂ ತೆಗೀಬೇಡ" ಎಂದಿದ್ದರು. ಗೇಟಿಗೆ ಬೀಗ ಜಡಿದು ಹೆಣ್ಣುಮಕ್ಕಳನ್ನು ಓವರ್‌ಟೈಮಿಗೆ ಕೂಡಿಹಾಕುವ ಕಾರ್ಖಾನೆಗಳ ಮುಂದೆ ಗಂಟಲು ಹರಿದುಕೊಂಡವಳು ನಾನು. ನನ್ನ ತಾರಸಿಯಲ್ಲೇ ಒಂದು ಗೇಟೇ? ಮೇಷ್ಟ್ರು ಮೆಟ್ಟಿಲಿಳಿಯುತ್ತಿದ್ದಂತೆ ಕಿತ್ತು ಬಿಸಾಕಿದೆ. ತಾವಾದರೋ ಆ ಸ್ವಾತಂತ್ರ್ಯವನ್ನು ಎಷ್ಟು ಮನಸ್ಸಿಗೆ ಹಚ್ಚಿಕೊಂಡಿರೆಂದರೆ, ಇಂದು ಮಧ್ಯಾಹ್ನ ಇಡೀ ಸಂಸಾರ ಕಟ್ಟಿಕೊಂಡು ಹಾರಿ, ಬೀದಿಯ ಮರಗಳನ್ನೆಲ್ಲ ಬಿಟ್ಟು, ಸಿಗ್ನಲ್ಲಿನ ಮೂರೂ ದೀಪ ಮುಚ್ಚುವಂತೆ ಗಡ್ಡದ ಹಾಗೆ ಜೋತುಬಿದ್ದಿರಿ.

ತಮ್ಮ ಸಂಘಟನಾ ಶಕ್ತಿಯನ್ನು ಹೊಗಳದೆ ಮುಂದೆ ಹೋಗಲಾರೆ. ನಾವು ಅನುಮತಿ ಬೇಡಿ, ಮೈಕು ತಂದು, ಬ್ಯಾನರನ್ನು ನಾವೇ ಹೊಲಿದು ಕೂತರೂ ಪೊಲೀಸರು ಫುಟ್‌ಪಾತಿನ ಮೂಲೆಗೆ ತಳ್ಳುತ್ತಾರೆ. ತಾವು ಒಂದು ಘೋಷಣೆಯೂ ಇಲ್ಲದೆ ನಾಲ್ಕೂ ದಿಕ್ಕಿನ ವಾಹನ ನಿಲ್ಲಿಸಿದಿರಿ, ಬಸ್ಸಿನ ಕಿಟಕಿಗಳೆಲ್ಲ ಪಟಪಟನೆ ಮುಚ್ಚಿಕೊಂಡವು, ಟ್ರಾಫಿಕ್ ಪೇದೆ ಸೀಟಿ ನುಂಗಿದವರಂತೆ ನಿಂತು, "ಮೇಡಂ, ಇವ್ರಿಗೆ ಪರ್ಮಿಷನ್ ಕೊಟ್ಟಿದ್ಯಾರು?" ಎಂದು ನನ್ನನ್ನೇ ಕೇಳಿದರು. ಆದ್ದರಿಂದ ನಮ್ಮ ಸಂಘದವರಿಗೆ ತಾವು ಒಂದು ತರಬೇತಿ ಶಿಬಿರ ನಡೆಸಿಕೊಡಬೇಕು; ಊಟಕ್ಕೆ ತಾರಸಿಯ ಕುಂಬಳದ ಹೂಗಳಿವೆ, ಭತ್ಯೆ ಮಾತ್ರ ಕೇಳಬಾರದು. ತಮ್ಮನ್ನು ಗುರುತಿಸುವುದು ಹೇಗೆಂಬ ಚಿಂತೆಯೂ ಇಲ್ಲ. ಕೆಳಗೆ ಏಣಿ ಹಿಡಿದು ನಿಂತಿರುವ ನಮ್ಮತ್ತೆ, "ದಪ್ಪಗಿದ್ದು, ಕೂತಲ್ಲೇ ತಿಂದ್ಕೊಂಡಿರೋದು ಯಾವುದು ನೋಡೇ. ನಮ್ಮನೇಲಾಗಿದ್ರೆ ನಿನ್ನ ಗಂಡನ್ನೇ ತೋರಿಸ್ತಿದ್ದೆ" ಎಂದು ಲಕ್ಷಣ ಹೇಳಿಕೊಟ್ಟಿದ್ದಾರೆ.

ಆದರೆ ರಾಣಿಯವರೇ, ನಮ್ಮ ಮನೆ ಮಾಲೀಕರು ಕರೆಸಿದ ಕೀಟನಾಶಕದವನು ಬೆನ್ನಿಗೆ ಡಬ್ಬಿ ಕಟ್ಟಿಕೊಂಡು ಕಂಬದ ಬುಡದಲ್ಲೇ ನಿಂತಿದ್ದಾನೆ. "ಕತ್ತಲಾಗೋದ್ರೊಳಗೆ ಪೆಟ್ಟಿಗೆ ಸೇರಿದ್ರೆ ಸರಿ, ಇಲ್ಲಾಂದ್ರೆ ಹೊಡೆಸ್ಬಿಡ್ತೀನಿ" ಎಂದು ಮಾಲೀಕರು ಹೇಳಿಯಾಗಿದೆ, ಪೇದೆಯೂ ತಲೆಯಾಡಿಸಿಯಾಗಿದೆ. ಅದಕ್ಕೇ ಒಳಗೊಂದು ಹಳೆಯ ಜೇನುಮೇಣದ ಎರಿ ಇಟ್ಟು, ಅಡಿ ತೆರೆದ ಪೆಟ್ಟಿಗೆಯನ್ನು ತಮ್ಮ ನೆತ್ತಿಯ ಮೇಲೆ ಕಟ್ಟಿದ್ದೇನೆ. ದಯಮಾಡಿ ಮೇಲಕ್ಕೆ ನಡೆಯಿರಿ. ತಾವು ನಡೆದರೆ ಉಳಿದವರೂ ನಡೆಯುತ್ತಾರಂತೆ. ಹೊಕ್ಕ ಮೇಲೆ ಗೇಟು ಹಾಕುತ್ತೇನೆ. ಸ್ವಲ್ಪ ದಿನ ಮಾತ್ರ, ತಮ್ಮ ರಕ್ಷಣೆಗಾಗಿಯೇ. ಕಾರ್ಖಾನೆ ಮಾಲೀಕರ ಬಾಯಲ್ಲಿ ಈ ಮಾತು ಕೇಳಿದಾಗಲೆಲ್ಲ ಉಗಿದವಳು ನಾನು, ಇವತ್ತು ನನ್ನ ಬಾಯಲ್ಲೇ ಬಂತು. ಒಳಗೆ ಕೂತು ನನಗೇ ಧಿಕ್ಕಾರ ಕೂಗಿ, ಬೇಡವೆನ್ನುವುದಿಲ್ಲ. ಬದುಕಿಕೊಂಡು ಕೂಗಿ, ಅಷ್ಟೇ.

ಕಾಲು ಜೋಮು ಹಿಡಿದಿದ್ದರೂ ಇಳಿಯದೆ ಕಾದಿರುವ,
ತಮ್ಮ ವಿಶ್ವಾಸಿ,
ಸಂಘದ ಕಾರ್ಯದರ್ಶಿ

ತಾ.ಕ.: ಮಬ್ಬಾಗುವ ಹೊತ್ತಿಗೆ ತಾವು ಪರಿವಾರದೊಡನೆ ಒಳಗೆ ದಯಮಾಡಿಸಿದಿರಿ, ಡಬ್ಬಿಯವನು ಹೊರಟುಹೋದ. ಒಂದು ಹಿಡಿ ನೊಣಗಳು ಮಾತ್ರ, ರಾಣಿ ಹೋದರೂ ನಾವು ಹೋಗೆವೆಂದು, ಇನ್ನೂ ಕೆಂಪು ದೀಪಕ್ಕೇ ಅಂಟಿಕೊಂಡಿವೆ. ತಪ್ಪು ತಿಳಿಯಬಾರದು, ನಮ್ಮ ಸಂಘದ ಸದಸ್ಯತ್ವವನ್ನು ಅವರಿಗೇ ಕೊಡುತ್ತಿದ್ದೇನೆ. ಹಿಂದೆ ಜನ ಬರುತ್ತಾರೆಂಬ ಒಂದೇ ಕಾರಣಕ್ಕೆ ನಾಯಕಿಯಾದವರು ನಮ್ಮಲ್ಲಿ ಈಗಾಗಲೇ ಬೇಕಾದಷ್ಟಿದ್ದಾರೆ.