ಶಾಲೆಯ ಹಿಂಬದಿ ನೋಡುವ ಅಣ್ಣ

ಯಾವುದಾದರೂ ಶಾಲೆಯನ್ನು ನಪಾಸು ಮಾಡಬೇಕಿದ್ದರೆ ನನ್ನ ಅಣ್ಣನನ್ನು ಕಳಿಸಿ! ಮಕ್ಕಳನ್ನು ಶಾಲೆ ಪರೀಕ್ಷಿಸುವುದು ಲೋಕದ ರೂಢಿ. ಶಾಲೆಯನ್ನೇ ಪರೀಕ್ಷಿಸುವವನು ಇಡೀ ಇಳಕಲ್ಲಿಗೆ ಇವನೊಬ್ಬನೇ.

ಅಣ್ಣ ಸೀರೆ ನೇಯುವವನು. ಮಗಳಿಗೆ ಹನ್ನೊಂದು ವರ್ಷವಾಗುವವರೆಗೂ ಮಗ್ಗದ ಪಕ್ಕದಲ್ಲೇ ಪಾಠ. ಲೆಕ್ಕವನ್ನು ಎಳೆ ಎಣಿಸಿ ಕಲಿತಳು, ಕನ್ನಡವನ್ನು ಮಿರ್ಚಿ ಕಟ್ಟಿ ತಂದ ಪೇಪರಿನಲ್ಲಿ ಓದಿದಳು. "ಸಾಲ್ಯಾಗ ನಾ ಕಲ್ತದ್ದು ಬೈಸಿಕೊಳ್ಳೂದೊಂದ. ಅದನ್ನ ಅವರವ್ವ ಮನ್ಯಾಗ ಕಲಿಸ್ತಾಳ" ಎನ್ನುತ್ತಿದ್ದ. ನಾನೋ, ಹುನಗುಂದದ ಸರಕಾರಿ ಶಾಲೆಯ ಶಿಕ್ಷಕಿ. ಮಕ್ಕಳನ್ನು ಶಾಲೆಗೆ ಕಳಿಸಿ ಎಂದು ಮನೆಮನೆಯ ಬಾಗಿಲು ಬಡಿಯುವವಳ ಅಣ್ಣನ ಮಗಳೇ ಶಾಲೆಯ ಮುಖ ಕಂಡಿಲ್ಲ! ಎಲ್ಲಿ ಮುಖ ಇಟ್ಟುಕೊಳ್ಳಲಿ? ಜೊತೆಯ ಶಿಕ್ಷಕಿಯರಿಗೆ ನನಗೊಬ್ಬ ಅಣ್ಣನಿದ್ದಾನೆ ಎಂದೇ ಹೇಳಿರಲಿಲ್ಲ.

ಈ ವರ್ಷ ಹುಡುಗಿಯೇ ಕೇಳಿದಳಂತೆ: "ಅಪ್ಪಾ, ಜೋಡಿ ಕುಂತು ಉಣ್ಣಾಕ ನನಗ ಗೆಳತ್ಯಾರು ಬೇಕು." ಅಣ್ಣ ಮಗ್ಗ ನಿಲ್ಲಿಸಿ ಶಾಲೆ ನೋಡಲು ಹೊರಟ.

ನೋಡುವುದಾದರೂ ಹೇಗೆ? ಸೀರೆ ನೋಡಿದಂತೆ! ಯಾವ ಸೀರೆ ಕೊಟ್ಟರೂ ಅವನು ಮೊದಲು ತಿರುವಿ ಹಿಂಬದಿ ನೋಡುತ್ತಾನೆ. ಬಾಗಲಕೋಟೆಯ ದೊಡ್ಡ ಖಾಸಗಿ ಶಾಲೆಯಲ್ಲೂ ಆಫೀಸಿಗೆ ಹೋಗದೆ ಸೀದಾ ಕಟ್ಟಡದ ಹಿಂದೆ ಹೋದ. ನೀರು ಬರುತ್ತದೋ ಎಂದು ಒಂದೊಂದೇ ನಲ್ಲಿ ತಿರುವುತ್ತಿದ್ದವನನ್ನು ವಾಚ್‌ಮನ್ ಹಿಡಿದ.

"ಯಾರಲೇ ನೀ?"

"ಗಿರಾಕಿ ರೀ!"

ಬಾದಾಮಿಯ ವಸತಿ ಶಾಲೆಯಲ್ಲಿ ಅಡುಗೆಮನೆಗೆ ನುಗ್ಗಿ ನಾಲ್ಕು ರೊಟ್ಟಿ ತಿಂದ. ತಿಂದು, ಕೈ ತೊಳೆದು, ಬೇಡವೆಂದ! "ರೊಟ್ಟಿ ಭಾಳ ಚಲೋ ಅದಾವ. ಆದ್ರ ಬಡಸೂ ಆಕಿಗೆ ಒಂದ ಹುಡುಗಿ ಹೆಸರೂ ಗೊತ್ತಿಲ್ಲ."

ಇದನ್ನೆಲ್ಲ ಫೋನಿನಲ್ಲಿ ಕೇಳಿ ಬಿದ್ದು ಬಿದ್ದು ನಕ್ಕಿದ್ದೆ. ನನ್ನ ಶಾಲೆಗೂ ಬಂದಾನೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ಬಂದೇ ಬಂದ. ಕೈತುಂಬ ಬಣ್ಣದ ಕಲೆ, ತಲೆಯಲ್ಲಿ ದಾರದ ತುಣುಕು. ನಮ್ಮ ಬಿಸಿಯೂಟದ ಸಾರನ್ನು ಮೂಸುತ್ತ ನಿಂತಿದ್ದ. "ಯಾರ್ರಿ ಇವ್ರು?" ಎಂದು ಹೆಡ್ ಮೇಡಂ ನನ್ನನ್ನು ಕೇಳಿದರು. ನನ್ನ ನಾಲಿಗೆಗೆ ಏನಾಗಿತ್ತೋ! "ಇಳಕಲ್ಲಿನವರ್ರಿ. ನಮಗ ಸೀರಿ ತಂದು ಕೊಡ್ತಾರ" ಎಂದುಬಿಟ್ಟೆ.

ಅಣ್ಣ ನನ್ನನ್ನು ಒಂದು ಗಳಿಗೆ ನೋಡಿದ. "ಹೌದ್ರಿ, ಸೀರಿಯವ ನಾ" ಎಂದ. ಆಮೇಲೆ, ಒಂದು ದಿನವೂ ಶಾಲೆಗೆ ಹೋಗದ ಹುಡುಗಿಯೊಬ್ಬಳನ್ನು ಸೇರಿಸಿಕೊಳ್ಳುತ್ತೀರಾ ಎಂದು ಕೇಳಿದ. ತನ್ನ ಮಗಳೆಂದು ಹೇಳಲಿಲ್ಲ.

"ತಗೋತೀವಿ, ಕರಕೊಂಡು ಬರ್ರಿ. ಆದ್ರ ಇಷ್ಟ ದಿನ ಮನ್ಯಾಗ ಇಟ್ಕೊಂಡ ಆಕಿ ಅಪ್ಪ ಎಂಥಾ ಹುಚ್ಚ ಇರಬೇಕು!" ಎಂದು ಮೇಡಂ ನಕ್ಕರು.

ನಾನೂ ನಕ್ಕೆ. ನಾಚಿಕೆಗೇಡು! ನನ್ನ ಓದು ಮುಗಿಯಲೆಂದು ತಾನು ಓದು ಬಿಟ್ಟು ಮಗ್ಗಕ್ಕೆ ಕುಳಿತವನು ಎದುರಿಗೇ ನಿಂತಿದ್ದ.

ಸೋಮವಾರ ಮಗಳನ್ನು ಕರೆತಂದ. ಉಳಿದವೆಲ್ಲ ನಪಾಸಾಗಿ ನನ್ನ ಶಾಲೆ ಪಾಸಾಗಿತ್ತು; ನಮ್ಮಲ್ಲಿ ಬಡಿಸುವವಳಿಗೆ ಎಲ್ಲ ಹುಡುಗಿಯರ ಹೆಸರೂ ಗೊತ್ತಿತ್ತಂತೆ. ಅರ್ಜಿಯಲ್ಲಿ ತಂದೆಯ ಸಹಿ ಮಾಡಿದ್ದು ಇವನೇ ಎಂದು ಕಂಡು ಮೇಡಂ ಪೆಚ್ಚಾದರು. ಅಣ್ಣ "ಇರ್ಲಿ ಬಿಡ್ರಿ" ಎಂದು ನಕ್ಕ. ಆಗಲೂ ನಾನು ಇವನು ನನ್ನ ಅಣ್ಣ ಎನ್ನಲಿಲ್ಲ. ಹುಡುಗಿ ನನಗೆ ಕೈ ಮುಗಿದು "ನಮಸ್ಕಾರ್ರಿ ಅಕ್ಕೋರ" ಎಂದಳು. ನಮ್ಮ ಕಡೆ ಮಕ್ಕಳು ಟೀಚರನ್ನು ಕರೆಯುವುದೇ ಹಾಗೆ. ಆದರೆ ಈ ಹುಡುಗಿಯ ಬಾಯಲ್ಲಿ ಅದುವರೆಗೆ ನಾನು ಕೇಳಿದ್ದು "ಅತ್ತಿ" ಒಂದೇ.

ಮಧ್ಯಾಹ್ನ ಊಟದ ಹೊತ್ತಿಗೆ ಅವಳಾಗಲೇ ಇಬ್ಬರು ಹುಡುಗಿಯರ ನಡುವೆ ಕುಳಿತಿದ್ದಳು. ಸಾರು ಬಡಿಸುತ್ತ ಹತ್ತಿರ ಹೋದೆ. ಅವಳು ಅತ್ತಿತ್ತ ನೋಡಿ ದನಿ ತಗ್ಗಿಸಿದಳು.

"ಎಲ್ಲಾರ ಮುಂದ ಅತ್ತಿ ಅನಬ್ಯಾಡ, ಅವರಿಗೆ ಬ್ಯಾಸರ ಆಗ್ತದ ಅಂತ ಅಪ್ಪ ಹೇಳ್ಯಾನ. ನಿಮ್ಮ ಮನಿಗೆ ಬಂದಾಗರ ಅನ್ಲೇನ್ರಿ?"

ಸೌಟು ಕೆಳಗಿಟ್ಟೆ. ಮೇಡಂ ಅಲ್ಲೇ, ಬಾಗಿಲಲ್ಲಿ ನಿಂತಿದ್ದರು.

"ಈಗ ಅತ್ತಿ ಅನ್ನವ್ವಾ," ಎಂದೆ. "ಎಲ್ಲಾರಿಗೂ ಕೇಳೂಹಂಗ ಅನ್ನು."