ಏಳು ಪಥ್ಯಗಳಲ್ಲಿ ಕೊನೆಯ ಎರಡು

ನನ್ನ ವೃತ್ತಿಯಲ್ಲಿ ತಪ್ಪಿಗೂ ಒಂದು ಗೌರವದ ಜಾಗವಿದೆ. ಆರನೇ ಪುಟದ ಕೆಳಗಿನ ಮೂಲೆ, ಸಣ್ಣ ಅಕ್ಷರ, ಮೇಲೆ ‘ತಿದ್ದುಪಡಿ’ ಎಂಬ ಒಂದೇ ಪದ. ಬದುಕಿದ್ದವರನ್ನು ಸಾಯಿಸಿದ್ದರೂ ಮರುದಿನ ಅಲ್ಲಿ ಎರಡು ಸಾಲು ಹಾಕಿ ಕೈತೊಳೆದುಕೊಳ್ಳುತ್ತೇವೆ. ರಾಯಚೂರಿನ ಪತ್ರಿಕಾ ಕಚೇರಿಯೊಂದರಲ್ಲಿ ಇಪ್ಪತ್ತೆರಡು ವರ್ಷಗಳಿಂದ ಉಪಸಂಪಾದಕನಾಗಿರುವ ನಾನು ಇಂಥ ತಿದ್ದುಪಡಿಗಳನ್ನು ಸಾಕಷ್ಟು ಬರೆದಿದ್ದೇನೆ. ಎಲ್ಲವೂ ಬೇರೆಯವರ ತಪ್ಪುಗಳಿಗೆ. ‘ಯಾರು ಹೇಳಿದರು? ಇನ್ನೊಬ್ಬರನ್ನು ಕೇಳಿದೆಯಾ?’ ಎಂಬ ನನ್ನ ಎರಡು ಪ್ರಶ್ನೆಗಳಿಗೆ ಹೆದರಿ ಹೊಸ ವರದಿಗಾರರು ನನ್ನ ಮೇಜಿನ ಹತ್ತಿರ ಸುಳಿಯುವುದಿಲ್ಲ. ಗಿಲ್ಲೆಸುಗೂರಿನಲ್ಲಿ ಎಮ್ಮೆಯೊಂದು ಬಾವಿಗೆ ಬಿತ್ತೆಂಬ ಸುದ್ದಿ ಬಂದಾಗ ಎಮ್ಮೆಯ ಬಣ್ಣವನ್ನೂ ಇಬ್ಬರಿಂದ ಖಚಿತಪಡಿಸಿಕೊಂಡವನು ನಾನು. ಕಪ್ಪು ಎಂದು ಇಬ್ಬರೂ ಹೇಳಿದರು. ಇದನ್ನೆಲ್ಲ ಜಂಬಕ್ಕೆ ಹೇಳುತ್ತಿಲ್ಲ. ಮುಂದೆ ಹೇಳಬೇಕಾದದ್ದು ಎಷ್ಟು ನಾಚಿಕೆಗೇಡಿನದು ಎಂಬುದು ನಿಮಗೆ ಸರಿಯಾಗಿ ತಿಳಿಯಲಿ ಎಂದು ಹೇಳುತ್ತಿದ್ದೇನೆ.

ಒಂದು ಮಧ್ಯಾಹ್ನ ಆರೋಗ್ಯ ಪುಟದಲ್ಲಿ ಅಂಗೈಯಗಲ ಜಾಗ ಖಾಲಿ ಬಿತ್ತು. ಟ್ಯೂಷನ್ ಕ್ಲಾಸಿನವರೊಬ್ಬರು ಕೊನೆಯ ಗಳಿಗೆಯಲ್ಲಿ ಜಾಹೀರಾತು ಹಿಂದಕ್ಕೆ ಪಡೆದಿದ್ದರು. ಪುಟ ಹೊರಡಲು ಅರ್ಧ ಗಂಟೆ ಇತ್ತು. ಹಿಂದಿನ ದಿನವಷ್ಟೇ ದೇವದುರ್ಗದಿಂದ ನನ್ನ ಅಕ್ಕ ಫೋನಿನಲ್ಲಿ ತನ್ನ ಕೀಲುನೋವಿನ ಬಗ್ಗೆ ಮಾತಾಡಿದ್ದಳು. ಅದೇ ನೆನಪಾಗಿ ‘ಸಂಧಿವಾತ: ಏಳು ಪಥ್ಯ’ ಎಂಬ ಶೀರ್ಷಿಕೆ ಕೊಟ್ಟು ಕುಳಿತೆ. ಬದನೆಕಾಯಿ, ಟೊಮೆಟೊ, ಹುಣಸೆಹುಳಿ, ತೊಗರಿಬೇಳೆ, ಮೊಸರು. ಈ ಐದನ್ನು ಯಾರ್‍ಯಾರೋ ಬೇಡವೆಂದು ಹೇಳಿದ್ದನ್ನು ಎಲ್ಲೆಲ್ಲೋ ಕೇಳಿದ್ದೆ. ಆಮೇಲೆ ಪೆನ್ನು ನಿಂತಿತು. ಶೀರ್ಷಿಕೆಯನ್ನು ‘ಐದು ಪಥ್ಯ’ ಎಂದು ತಿದ್ದಬಹುದಿತ್ತು, ಆದರೆ ಜಾಗ ಏಳರದ್ದು. ಆಗ ನಾನು ಆರನೆಯದಾಗಿ ಮಡಕಿಕಾಳು, ಏಳನೆಯದಾಗಿ ಪುಂಡಿಪಲ್ಯ ಎಂದು ಬರೆದೆ. ಮಡಕಿಕಾಳನ್ನು ಹಾಸ್ಟೆಲಿನಲ್ಲಿ ಮೂರು ವರ್ಷ ದಿನಾ ತಿಂದು ಅದರ ಮೇಲೆ ಹಗೆ ಬೆಳೆಸಿಕೊಂಡಿದ್ದೆ. ಪುಂಡಿಪಲ್ಯವೆಂಬ ಸೊಪ್ಪಿನ ಹುಳಿ ನನಗೆ ಹುಟ್ಟಿದಾಗಿನಿಂದ ಆಗದು. ವೈದ್ಯಶಾಸ್ತ್ರದ ಆಧಾರ ಇಷ್ಟೇ. ಕೆಳಗೆ ‘ವೈದ್ಯಬಂಧು’ ಎಂದು ಹೆಸರು ಹಾಕಿದೆ. ಪುಟ ವೇಳೆಗೆ ಸರಿಯಾಗಿ ಹೊರಟಿತು. ಚಹಾ ಕುಡಿದೆ.

ನಾಲ್ಕು ತಿಂಗಳ ನಂತರ ಮಾನ್ವಿಯಲ್ಲಿ ನಮ್ಮ ತಂಗಿಯ ಬಸುರಿ ಮಗಳ ಕುಬುಸದ ಕಾರ್ಯಕ್ರಮ. ಊಟಕ್ಕೆ ನೀಲಕ್ಕನ ಪಕ್ಕ ಕುಳಿತೆ. ನೀಲಕ್ಕನೆಂದರೆ ಅದೇ ದೇವದುರ್ಗದ ಅಕ್ಕ, ಅಲ್ಲೇ ಹತ್ತಿರದ ಜಾಲಹಳ್ಳಿಯಲ್ಲಿ ಅಂಗನವಾಡಿ ಶಿಕ್ಷಕಿ. ಎಂಟು ವರ್ಷಗಳಿಂದ ಅವಳಿಗೆ ರುಮಟಾಯ್ಡ್ ಸಂಧಿವಾತ. ಬೆಳಗಿನ ಹೊತ್ತು ಬೆರಳು ಮಡಚುವುದಿಲ್ಲ, ರೊಟ್ಟಿ ಬಡಿಯುವುದನ್ನು ಬಿಟ್ಟು ಎಷ್ಟೋ ಕಾಲವಾಗಿದೆ. ಆದರೂ ತಿನ್ನುವುದರಲ್ಲಿ ಹಿಂದೆ ಬಿದ್ದವಳಲ್ಲ. ಅಂಥವಳ ಎಲೆಯಲ್ಲಿ ಆ ದಿನ ಬರೀ ಅನ್ನ ಮತ್ತು ಹಾಲು. ಕೈಬಳೆಗಳು ಮೊಣಕೈವರೆಗೆ ಜಾರುವಷ್ಟು ತೋಳು ಸೊರಗಿತ್ತು.

“ಏನಕ್ಕಾ ಇದು? ಪುಂಡಿಪಲ್ಯ ಬಡಸಾಕತ್ತಾರ, ನೀ ಎಲಿ ಮುಚ್ಚಾಕತ್ತೀ?”

“ಪೇಪರ್‌ನ್ಯಾಗ ಬಂದದಲ್ಲೋ ತಮ್ಮಾ. ಅದೂ ನಿಮ್ಮ ಪೇಪರ್‌ನ್ಯಾಗ” ಎಂದು ಪರ್ಸು ತೆಗೆದಳು. ಒಳಗಿಂದ ‘ವೈದ್ಯಬಂಧು’ ಹೊರಬಂದ, ಲ್ಯಾಮಿನೇಷನ್ ಮಾಡಿಸಿಕೊಂಡು. ಇಪ್ಪತ್ತೆರಡು ವರ್ಷಗಳಲ್ಲಿ ನನ್ನ ಬರಹವೊಂದಕ್ಕೆ ಸಿಕ್ಕ ಅತಿ ದೊಡ್ಡ ಮರ್ಯಾದೆ ಅದು.

ಆಚೆ ಕುಳಿತ ಅಕ್ಕನ ಗಂಡ, ನಿವೃತ್ತ ಮೇಷ್ಟ್ರು, ನಿಟ್ಟುಸಿರು ಬಿಟ್ಟರು. “ಬ್ಯಾನಿ ಆಕಿಗಿ, ಪಥ್ಯ ನನಗ. ನಮ್ಮ ಮನ್ಯಾಗ ಪುಂಡಿಪಲ್ಯ ಕಂಡು ನಾಕು ತಿಂಗಳಾತು. ಬರದಾಂವ ಯಾವನೋ, ಕೈಗಿ ಸಿಗಲಿ ನೋಡ್ತೀನಿ.”

ಅವನು ಅವರ ಕೈಗೆ ಎರಡು ಅಡಿ ದೂರದಲ್ಲಿ ಕುಳಿತು ಎರಡನೇ ಹೋಳಿಗೆ ಹಾಕಿಸಿಕೊಳ್ಳುತ್ತಿದ್ದ. ಆಗಲೇ ಹೇಳಿಬಿಡಬೇಕಿತ್ತು. ಆದರೆ ಹದಿನೈದು ದಿನಕ್ಕೆ ರಾಯಚೂರಿನ ಡಾಕ್ಟರಲ್ಲಿ ಅವಳ ತಪಾಸಣೆ ಇತ್ತು. ಡಾಕ್ಟರೇ ಹೇಳಲಿ, ಅವರ ಮಾತಿಗೆ ತೂಕ ಹೆಚ್ಚು ಎಂದುಕೊಂಡೆ. ಹೇಡಿತನವನ್ನು ವಿವೇಕವೆಂದು ಬರೆಯುವುದು ನನಗೆ ವೃತ್ತಿಯಿಂದ ಅಭ್ಯಾಸವಾಗಿದೆ.

ಆ ದಿನ ಬಂದಾಗ ಅವಳನ್ನು ಡಾಕ್ಟರಮ್ಮನ ಹತ್ತಿರ ನಾನೇ ಕರೆದುಕೊಂಡು ಹೋದೆ. ತೂಕ ಆರು ಕಿಲೋ ಇಳಿದಿತ್ತು, ರಕ್ತ ಕಡಿಮೆಯಾಗಿತ್ತು. ಬೆರಳಿನ ಬಾವು ಇದ್ದಲ್ಲೇ ಇತ್ತು.

“ಗುಳಿಗಿ ಬಿಟ್ಟೀರೇನು?”

“ಇಲ್ರೀ ಯವ್ವಾ, ವಾರದ ಗುಳಿಗಿ ತಪ್ಪಿಸಿಲ್ಲ. ಊಟ ಅಷ್ಟ ಬಿಟ್ಟೀನಿ.” ಲ್ಯಾಮಿನೇಷನ್ ಮೇಜಿನ ಮೇಲೆ ಬಂತು.

ಡಾಕ್ಟರಮ್ಮ ಅದನ್ನು ಎರಡು ಸಲ ಓದಿದರು. “ಇಷ್ಟೆಲ್ಲಾ ಬಿಟ್ರ ಮೈಯಾಗ ಶಕ್ತಿ ಎಲ್ಲಿಂದ ಬರಬೇಕ್ರೀ? ಈ ರೋಗ ಪಥ್ಯದಿಂದ ಹೋಗೂದಲ್ಲ. ಗುಳಿಗಿ ತಗೋರಿ, ಬ್ಯಾಳಿ, ಕಾಳು, ಸೊಪ್ಪು, ಮೊಸರು ಎಲ್ಲಾ ತಿನ್ರಿ. ಯಾವದರೆ ತಿಂದಾಗ ಖರೇನ ನೋವು ಹೆಚ್ಚಾದ್ರ ಅದೊಂದನ್ನ ನನಗ ಹೇಳ್ರಿ, ನೋಡೂಣು.” ನಂತರ ನನ್ನ ಕಡೆ ತಿರುಗಿದರು. “ನೀವು ಪೇಪರ್‌ನೋರಂತಲ್ಲ? ಯಾರು ಬರೀತಾರ್ರಿ ಇಂಥವು?”

“ವಿಚಾರಿಸ್ತೀನಿ ಮೇಡಂ” ಎಂದೆ. ತಹಶೀಲ್ದಾರರಿಂದ ಹಿಡಿದು ಕುಡಿಯುವ ನೀರಿನ ಎಂಜಿನಿಯರ್‌ವರೆಗೆ ಎಲ್ಲರೂ ನನಗೆ ಕೊಟ್ಟ ಉತ್ತರ ಅದು. ಅದನ್ನು ಹೇಳುವಾಗ ಬಾಯಿ ಇಷ್ಟು ಒಣಗುತ್ತದೆಂದು ಅವರ್‍ಯಾರೂ ಹೇಳಿರಲಿಲ್ಲ.

ಹೊರಗೆ ಬಂದು ಹತ್ತಿರದ ಖಾನಾವಳಿಯಲ್ಲಿ ಕುಳಿತೆವು. ಊಟ ಬರುವಷ್ಟರಲ್ಲಿ ನೀಲಕ್ಕ ಚಷ್ಮಾ ಏರಿಸಿಕೊಂಡು ಆ ಚೀಟಿಯನ್ನು ಮತ್ತೆ ಓದತೊಡಗಿದಳು. ಊದಿದ ಬೆರಳು ಒಂದೊಂದೇ ಸಾಲಿನ ಮೇಲೆ ಇಳಿಯಿತು. ಐದರವರೆಗೆ ಸರಾಗವಾಗಿ ಬಂದು ಆರರ ಮೇಲೆ ನಿಂತಿತು. ಏಳಕ್ಕೆ ಹೋಯಿತು. ಮತ್ತೆ ಆರಕ್ಕೆ ಬಂತು.

“ತಮ್ಮಾ.”

“ಹೂಂ.”

“ಮಡಕಿಕಾಳಿನ ವಾಸನಿ ಬಂದ್ರ ಎದ್ದು ಹೋಗಾಂವ ನಮ್ಮ ಮನ್ಯಾಗ ಯಾಂವ?”

ನಾನು ನೀರಿನ ಲೋಟ ಎತ್ತಿಕೊಂಡೆ.

“ಪುಂಡಿಪಲ್ಯ ಮಾಡಿದ ದಿನ ಬೆಲ್ಲಾ ರೊಟ್ಟಿ ಬೇಕಂತ ಅವ್ವನ ಜೀವ ತಿಂತಿದ್ದಾಂವ ಯಾಂವ?”

“ಪುಟ ಖಾಲಿ ಇತ್ತಕ್ಕಾ” ಎಂದೆ. ಎಂಥೆಂಥ ತಪ್ಪೊಪ್ಪಿಗೆಗಳನ್ನು ತಿದ್ದಿ ಅಚ್ಚುಕಟ್ಟು ಮಾಡಿದವನ ಬಾಯಿಂದ ಬಂದದ್ದು ಇಷ್ಟು.

ಅವಳು ಬಯ್ಯಲಿಲ್ಲ. ಬೈದಿದ್ದರೆ ಹಗುರಾಗುತ್ತಿದ್ದೆ. ಚಷ್ಮಾ ತೆಗೆದು ಸೆರಗಿನಿಂದ ಒರೆಸಿದಳು. ಬೆರಳು ಸರಿಯಾಗಿ ಹಿಡಿಯದೆ ಅದು ಎರಡು ಸಲ ಜಾರಿತು. “ಬ್ಯಾರೆ ಪೇಪರ್‌ನ್ಯಾಗ ಬಂದಿದ್ರ ನಾ ನಂಬ್ತಿದ್ದಿಲ್ಲೋ. ನನ್ನ ತಮ್ಮ ಒಂದಕ್ಕ ಎರಡು ಸಲ ಕೇಳದ ಏನೂ ಹಾಕಾಂವಲ್ಲಂತ ಅಂಗನವಾಡಿಗಿ ಬರೋ ತಾಯಂದ್ರಿಗೂ ಹೇಳೀನಿ. ಇಬ್ಬರು ಬರಕೊಂಡು ಹೋಗ್ಯಾರ.”

ಅಷ್ಟರಲ್ಲಿ ಎರಡು ಊಟ ಬಂದವು. ಎರಡರಲ್ಲೂ ರೊಟ್ಟಿಯ ಪಕ್ಕ ಮಡಕಿಕಾಳಿನ ಪಲ್ಯ. ನೀಲಕ್ಕ ನನ್ನ ತಟ್ಟೆಯನ್ನು ನನ್ನ ಎದೆಯವರೆಗೆ ಸರಿಸಿದಳು.

“ತಿನ್ನು. ನಾ ನೋಡ್ತೀನಿ.”

ತಿಂದೆ. ಅವಳೂ ತಿಂದಳು, ನಾಲ್ಕು ತಿಂಗಳ ಹಸಿವಿನಲ್ಲಿ, ರೊಟ್ಟಿಯನ್ನು ಮುರಿಯಲಾಗದೆ ಅಂಗೈಯಿಂದ ಒತ್ತಿ ಒಡೆದುಕೊಳ್ಳುತ್ತ. ಖಾನಾವಳಿಯವನು “ಇನ್ನಷ್ಟು ಕಾಳು ಹಾಕ್ಲೇನ್ರೀ?” ಎಂದಾಗ ಅವಳು ನನ್ನ ತಟ್ಟೆ ತೋರಿಸಿ “ಇವ್ರಿಗಿ ಹಾಕ್ರಿ, ಭಾಳ ಸೇರ್ತದ” ಎಂದಳು.

ಮರುದಿನ ಆರನೇ ಪುಟದ ಮೂಲೆಗೆ ತಿದ್ದುಪಡಿ ಬರೆದೆ. ಮೂಲೆ ಸಾಲದೆನಿಸಿತು. ಮೊದಲು ಸಂಪಾದಕರ ಮುಂದೆ ಎಲ್ಲವನ್ನೂ ಒಪ್ಪಿಕೊಂಡು, ಆರೋಗ್ಯ ಪುಟದಲ್ಲಿ ಅದೇ ಅಂಗೈಯಗಲ ಜಾಗ ಕೇಳಿ ಪಡೆದೆ. ಏಳು ಪಥ್ಯಗಳಿಗೂ ಆಧಾರವಿರಲಿಲ್ಲ, ಔಷಧಿ ಬಿಡಬೇಡಿ, ಊಟ ಬಿಡಬೇಡಿ, ನಿಮ್ಮ ಡಾಕ್ಟರನ್ನು ಕೇಳಿ ಎಂದು ಬರೆದು, ಕೆಳಗೆ ‘ವೈದ್ಯಬಂಧು’ವನ್ನು ಅಳಿಸಿ ನನ್ನ ಹೆಸರು ಹಾಕಿದೆ. ಮನಸ್ಸಿಗೆ ತುಸು ಸಮಾಧಾನವಾಯಿತು. ಪತ್ರಿಕೆ ದೇವದುರ್ಗ ಮುಟ್ಟುವ ಹೊತ್ತಿಗೆ ಅಕ್ಕನ ಫೋನು ಬಂತು.

“ಓದೀನಿ. ಇದನ್ನೂ ನೀನ ಬರದೀ ಏನು?”

“ಹೌದಕ್ಕಾ, ಹೆಸರು ಹಾಕೀನಲ್ಲ” ಎಂದೆ, ಸ್ವಲ್ಪ ಹೆಮ್ಮೆಯಿಂದಲೇ.

“ಹೆಸರು ನೋಡೇ ಕೇಳಾಕತ್ತೀನಿ. ತಡಿ, ಡಾಕ್ಟರಮ್ಮಗ ಒಂದು ಮಾತು ಕೇಳಿ, ಆಮ್ಯಾಲ ಆ ತಾಯಂದ್ರಿಗಿ ಹೇಳ್ತೀನಿ.”

ನನ್ನ ಎರಡು ಪ್ರಶ್ನೆಗಳ ಪಾಠವನ್ನು ನಮ್ಮ ಮನೆತನದಲ್ಲಿ ಕಡೆಗೂ ಒಬ್ಬರು ಕಲಿತರು. ಪುಂಡಿಪಲ್ಯ ಮಾತ್ರ ಅವಳು ಡಾಕ್ಟರಮ್ಮನ ಉತ್ತರಕ್ಕೆ ಕಾಯದೆ ಅಂದೇ ಮಾಡಿದ್ದಳಂತೆ. ನನಗೂ ಒಂದು ಡಬ್ಬಿ ಬಸ್ಸಿನಲ್ಲಿ ಬಂತು.