ಮಜ್ಜಿಗೆಯ ಮೇಲೆ ತುಪ್ಪ

ನಮ್ಮ ಕಾಕಾ ಜನ್ಮದಲ್ಲಿ ಒಂದು ನೊಣಕ್ಕೂ ಹೊಡೆದವರಲ್ಲ. ಆದರೆ ವಾಡಿ ಜಂಕ್ಷನ್ನಿನಲ್ಲಿ ಅವರಷ್ಟು ಗುದ್ದು ತಿಂದವರು ಇನ್ನೊಬ್ಬರಿರಲಿಲ್ಲ. ಅದೂ ಹೇಗೆ? ಇಂಥಾ ಗುದ್ದೇ ಬೇಕು ಎಂದು ಕೂಗಿ ಕೂಗಿ ಹಾಕಿಸಿಕೊಂಡದ್ದು!

ನಿಜಾಮರ ಕಾಲ. ಕಾಕಾ ಸ್ಟೇಷನ್ನಿನ ಗೂಡ್ಸ್ ಆಫೀಸಿನಲ್ಲಿ ಗುಮಾಸ್ತ. ಹಣೆಯಲ್ಲಿ ಅಂಗಾರ-ಅಕ್ಷತೆ, ತಲೆಯ ಮೇಲೆ ಕರಿ ಟೊಪ್ಪಿಗೆ. ಸಂಜೆಯಾದರೆ ರೈಲ್ವೆಯವರ ಕ್ಲಬ್ಬಿನಲ್ಲಿ ಬಾಕ್ಸಿಂಗ್ ಕಲಿಸುತ್ತಿದ್ದರು. ಎರಡೂ ಕೈಗೆ ಪ್ಯಾಡ್ ಕಟ್ಟಿಕೊಂಡು ನಿಂತು, ಯಾವ ಗುದ್ದಿನ ಹಿಂದೆ ಯಾವ ಗುದ್ದು ಎಂದು ಅವರು ಕೂಗಬೇಕು. ಕಲಿಯುವವರು ಹಾಗೇ ಪ್ಯಾಡಿಗೆ ಹೊಡೆಯಬೇಕು. ಚರ್ಮದ ಪ್ಯಾಡ್ ಮನೆಗೆ ತಂದರೆ ಮಡಿಯ ಅಜ್ಜಿ ಬಿಟ್ಟಾರೆಯೇ? ಅದಕ್ಕೇ ಹಳೇ ಕೌದಿ ಮಡಚಿ ಕಾಕಾರ ಹೆಂಡತಿ ಕಾಕೂ ಪ್ಯಾಡ್ ಹೊಲಿದುಕೊಟ್ಟಿದ್ದರು.

ಕಾಕಾಗೆ ಈ ವಿದ್ಯೆ ಕಲಿಸಿದ ಎಂಜಿನ್ ಡ್ರೈವರ್ ಸಾಹೇಬ "ವನ್, ಟೂ" ಎಂದು ಕೂಗುತ್ತಿದ್ದನಂತೆ. "ಅಂಕಿಗೆ ರುಚಿ ಎಲ್ಲದ?" ಎಂದು ಕಾಕಾ ಪಂಕ್ತಿಯ ಪತ್ರಾವಳಿಯನ್ನೇ ಕ್ಲಬ್ಬಿಗೆ ಎಳೆದರು. ಎಲೆಯ ಎಡಕ್ಕೆ ಬೀಳುವುದು ಎಡಗೈ, ಬಲಕ್ಕೆ ಬೀಳುವುದು ಬಲಗೈ. ಉಪ್ಪು ಎಂದರೆ ಎಡಗೈಯ ಚುಟುಕು ಗುದ್ದು. ಕೋಸಂಬರಿ ಎಂದರೆ ಅದೇ ಕೈ ಪಕ್ಕದಿಂದ ಸುತ್ತಿ ಬಂದು ದವಡೆಗೆ. ಪಲ್ಯ, ಬಲಗೈಯ ನೇರ ಗುದ್ದು. ಅನ್ನ ನಡುವೆ, ಅಂದರೆ ಹೊಟ್ಟೆಗೆ! ಮಜ್ಜಿಗೆ ಎಂದರೆ ಒಂದು ಹೆಜ್ಜೆ ಹಿಂದೆ ಸರಿದು ಉಸಿರು ಬಿಡುವುದು. ಅಲ್ಲಿಗೆ ಊಟ ಮುಗಿಯಬೇಕಲ್ಲವೇ? ಇಲ್ಲ, ಆಮೇಲೆ "ತುಪ್ಪ!" ಎನ್ನುತ್ತಿದ್ದರು. ಕೆಳಗಿನಿಂದ ಗದ್ದಕ್ಕೆ ಬಲಗೈ.

ನಾನಾಗ ಚಿತ್ತಾಪುರದ ಶಾಲೆಯಲ್ಲಿ ಹೊಸ ಮಾಸ್ತರ. ಶುಕ್ರವಾರದ ರಜೆಗೆ ಮನೆಗೆ ಬಂದಾಗ ಕೇಳಿಯೇಬಿಟ್ಟೆ.

"ಕಾಕಾ, ಮಜ್ಜಿಗಿ ಆದಮ್ಯಾಲೆ ತುಪ್ಪ ಯಾರು ಹಾಕ್ಕೋತಾರ? ಅದೂ ಮ್ಯಾಲಿಂದ ಬೀಳೋ ತುಪ್ಪ ಕೆಳಗಿಂದ ಹ್ಯಾಂಗ ಏರ್ತದ?"

"ನೀ ಮಾಸ್ತರ ಆಗಿದ್ದು ಸಾಲ್ಯಾಗ. ಇಲ್ಲಿ ಸುಮ್ಮ ಹೊಡಿ!"

ಹೊಡೆದೆ. ಮಣಿಕಟ್ಟು ಉಳುಕಿತು. ಆ ವಾರವೆಲ್ಲ ಎಡಗೈಯಲ್ಲಿ ಬೋರ್ಡಿನ ಮೇಲೆ ಬರೆದೆ.

ಕ್ಲಬ್ಬಿನ ಹುಲಿ ಎಂದರೆ ಶಹಾಬಾದಿನ ಫೈರ್‌ಮನ್ ಶರಣಪ್ಪ. ಕಲ್ಲಿದ್ದಲು ಎತ್ತಿ ಎತ್ತಿ ತೋಳು ಕಂಬದಂತಾಗಿದ್ದವು. ಆದರೆ ಉಪ್ಪು ಎಂದರೆ ಪಲ್ಯ ಹೊಡೆಯುತ್ತಿದ್ದ! "ನಮ್ಮನ್ಯಾಗ ರೊಟ್ಟಿ ಮ್ಯಾಲೆ ಎಲ್ಲಾ ಒಮ್ಮೆಗೇ ಬೀಳ್ತದ್ರಿ. ಎಡ ಯಾವ್ದು, ಬಲ ಯಾವ್ದು, ನನಗ್ಹ್ಯಾಂಗ ತಿಳೀಬೇಕ್ರಿ?"

ಕಾಕಾ ಅವನನ್ನು ನೇರ ಮನೆಗೆ ಕರೆತಂದು, ಕಟ್ಟೆಯ ಮೇಲೆ ಕೂಡಿಸಿ, ಹೆಸರು ಕೂಗಿ ಕೂಗಿ ತಾವೇ ಬಡಿಸಿದರು. ಒಂದೊಂದು ಪದಾರ್ಥ ಬಿದ್ದಾಗಲೂ ಶರಣಪ್ಪ ಮುಷ್ಟಿ ಬಿಗಿದು ಗಾಳಿಗೆ ಗುದ್ದುತ್ತಿದ್ದ. ಅಜ್ಜಿ ಬಾಗಿಲಿಗೆ ಬಂದು ನೋಡಿದರು.

"ಇವ ಉಣ್ಣಾಕ ಬಂದಾನೋ, ಬಡ್ಯಾಕ ಬಂದಾನೋ?"

"ಎರಡಕ್ಕೂ, ಅವ್ವಾ."

ಶರಣಪ್ಪ ಪಾಠ ಕಲಿಯುವಷ್ಟರಲ್ಲಿ ನಮ್ಮ ಅಕ್ಕಿ ಡಬ್ಬಿಯ ತಳ ಕಂಡಿತ್ತು.

ಕಾಕಾ ಮಾತ್ರ ಉಣ್ಣುವುದರಲ್ಲಿ ಭಾಳ ನಿಧಾನ. ಎಲ್ಲರೂ ಎದ್ದು ಕೈ ತೊಳೆದರೂ ಅವರಿನ್ನೂ ಎಲೆಯ ಮುಂದೆಯೇ. ನಮ್ಮಲ್ಲಿ ಹಿರಿಯರ ಎದುರು ಗಂಡ ಹೆಂಡತಿ ಮಾತಾಡುವಂತಿರಲಿಲ್ಲ. ನೀರು ಬೇಕಾದರೆ ಕಾಕಾ ಗೋಡೆಗೆ ಮುಖ ಮಾಡಿ "ಯಾರರ ನೀರು ತರ್ರಿ" ಎನ್ನುತ್ತಿದ್ದರು. ಕಾಕೂ ತಂದಿಟ್ಟು ಹೋಗುತ್ತಿದ್ದರು. ನೀರು ಬರುತ್ತಿತ್ತು, ಮಾತು ಬರುತ್ತಿರಲಿಲ್ಲ.

ಅಷ್ಟರಲ್ಲಿ ಕ್ಲಬ್ಬು ನಡೆಸುವ ಸಾಹೇಬರು ಕಾಕಾರನ್ನು ಕರೆಸಿದರು. "ಬಾಬೂಜಿ, ಇದು ಬಾಕ್ಸಿಂಗೋ, ದಾವತ್ತೋ? ಪಂದ್ಯದಾಗ ಸಿಕಂದರಾಬಾದಿನವರ ಮುಂದ ಶರಣಪ್ಪ ಸೋತನಂದ್ರ ಪ್ಯಾಡ್ ಇಟ್ಟುಬಿಡ್ರಿ. ಬ್ಯಾರೆ ಉಸ್ತಾದನ್ನ ತರಸ್ತೀನಿ."

ಅಂದಿನಿಂದ ನಾನೂ ನಗುವುದು ಬಿಟ್ಟೆ. ದಿನವಿಡೀ ಬಾಯಿ ಮುಚ್ಚಿ ಸರಕಿನ ಬಿಲ್ಟಿ ಬರೆದು, ಮನೆಗೆ ಬಂದು ಗೋಡೆಯ ಜೊತೆ ಮಾತಾಡುವ ಮನುಷ್ಯ ಗಂಟಲು ಬಿಚ್ಚುತ್ತಿದ್ದುದು ಅಲ್ಲೊಂದೇ ಕಡೆ.

ಪಂದ್ಯದ ದಿನ ಬಂತು. ಕಾಕಾ "ಉಪ್ಪು!" ಎಂದದ್ದೇ ತಡ, ರೆಫರಿ ಗದರಿಸಿದ: ಆಟ ನಡೆವಾಗ ರಿಂಗಿನ ಮೂಲೆಯಲ್ಲಿ ನಿಂತ ಉಸ್ತಾದರು ಕೂಗುವಂತಿಲ್ಲ! ಕಾಕಾ ಧೋತರದ ಸೆರಗನ್ನು ಬಾಯಿಗೆ ತುರುಕಿಕೊಂಡರು. ಕೈ ಮಾತ್ರ ಗಾಳಿಯಲ್ಲಿ ಸೌಟು ಹಿಡಿದು ಬಡಿಸುತ್ತಲೇ ಇತ್ತು. ಎರಡು ಸುತ್ತು ಶರಣಪ್ಪ ಏಟು ತಿಂದ, ಕೊಡಲಿಲ್ಲ. ಕೊನೆಯ ಸುತ್ತಿಗೆ ಮುಂಚೆ ಕಾಕಾ ಅವನ ಬೆನ್ನು ಸವರಿದರು. "ಶರಣಪ್ಪಾ, ನಮ್ಮ ಕಟ್ಟಿ ಮ್ಯಾಲೆ ಕುಂತೀನಿ ಅನ್ಕೋ. ಎಲಿ ನೆನಸ್ಕೋ."

ಶರಣಪ್ಪ ನೆನೆಸಿಕೊಂಡ. ಉಪ್ಪು, ಕೋಸಂಬರಿ, ಪಲ್ಯ, ಅನ್ನ! ಆಮೇಲೆ ಮಜ್ಜಿಗೆ, ಹಿಂದೆ ಸರಿದ. ಸದ್ಯ ಮುಗಿಯಿತಪ್ಪಾ ಎಂದು ಎದುರಾಳಿ ಕೈ ಇಳಿಸಿದ. ತುಪ್ಪ ಬಿತ್ತು! ಬಿದ್ದವನು ಏಳಲಿಲ್ಲ.

ಕಾಕಾರ ಜೊತೆ ಮನೆಗೆ ಬಂದು ಪಡಸಾಲೆಯಲ್ಲಿ ಕೂತಿದ್ದ ಅಜ್ಜಿಗೆ ಎಲ್ಲ ಹೇಳಿದೆ. "ಯಾವ್ದರಾಗ ಬಿದ್ದ?" ಎಂದರು.

"ತುಪ್ಪದಾಗ, ಅಜ್ಜಿ. ಮಜ್ಜಿಗಿ ಆದಮ್ಯಾಲಿನ ತುಪ್ಪ."

ಅಡುಗೆಮನೆಯಲ್ಲಿ ಕಾಕೂ ಕೈಯಿಂದ ಏನೋ ಠಣ್ ಎಂದು ಬಿತ್ತು. ಅಜ್ಜಿ ಅತ್ತ ನೋಡಿದರು, ಮಗನನ್ನೂ ನೋಡಿದರು.

"ಎಲ್ಲಾರೂ ಎದ್ದಮ್ಯಾಲೆ ಇವನ ಎಲಿಗೆ ಒಂದು ತುತ್ತು ಬಿಸಿ ಅನ್ನ, ಅದರ ಮ್ಯಾಲೆ ತುಪ್ಪ ಬೀಳೂದು ನನಗ ಕಾಣಂಗಿಲ್ಲಂತ ತಿಳಕೊಂಡೀರೇನು?"

ನನಗೆ ಆಗ ಬೆಳಕಾಯಿತು. ಕಾಕೂ ಬಾಯಿಬಿಟ್ಟು ಹೇಳಲಾರದ್ದನ್ನು ದಿನಾ ಎಲೆಗೆ ಹಾಕುತ್ತಿದ್ದರು. ಕಾಕಾ ಅದನ್ನೇ ಕ್ಲಬ್ಬಿನಲ್ಲಿ ಊರಿಗೆಲ್ಲ ಕೇಳುವಂತೆ ಕೂಗುತ್ತಿದ್ದರು.

ಆ ವಾರವೆಲ್ಲ ಶರಣಪ್ಪನ ಗುದ್ದು ಹಿಡಿದು ಹಿಡಿದು ಕಾಕಾರ ಕೈ ಬಾತಿದ್ದವು. ಕಾಕೂ ಹೊರಗೆ ಬಂದರು. ಅಜ್ಜಿಯ ಎದುರೇ, ಮೊದಲ ಸಲ, ಗಂಡನ ಮುಖ ನೋಡಿ ಕೇಳಿದರು: "ಕೈ ಭಾಳ ನೋಯಾಕತ್ತಾವೇನ್ರಿ?"

ಕಾಕಾ ಕಾಕೂ ಕಡೆ ತಿರುಗಿದರು. ಎರಡೂ ಕೈ ಮುಂದೆ ಚಾಚಿದರು.

ಅಜ್ಜಿ ಗೋಡೆಯ ಕಡೆ ತಿರುಗಿ ಕೂತರು. "ಯಾರರ ಇವರಿಬ್ಬರಿಗೂ ಜೋಡಿ ಎಲಿ ಹಾಕ್ರಿ" ಎಂದು ಗೋಡೆಗೆ ಹೇಳಿದರು.

ಎಲೆ ಹಾಕಿದವನು ನಾನೇ.